ರಾಜನಿಲ್ಲದ ನಾಟಕಕ್ಕೆ ರೊಕ್ಕವಿಲ್ಲ

ನಮ್ಮ ವೆಬ್‌ಕಾಮಿಕ್ ಓದಿದವರು ಕೆಲವೇ ಜನ. ಆದರೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಇದರಲ್ಲಿ ರಾಜ ಯಾಕಿದ್ದಾನೆ? ಹೈದರಾಬಾದಿಗೆ ದುಡಿಯಲು ಬಂದವರ ಕಥೆಯಲ್ಲಿ, ನೀರಿನ ಟ್ಯಾಂಕರಿನ ಮುಂದಿನ ಸಾಲಿನಲ್ಲಿ, ಕಿರೀಟ ಹಾಕಿಕೊಂಡು ನಿಂತವನಿಗೆ ಏನು ಕೆಲಸ? ನ್ಯಾಯವಾದ ಪ್ರಶ್ನೆ. ತಪ್ಪು ನನ್ನದು. ನಾನೊಂದು ವಾದದಲ್ಲಿ ಗೆದ್ದುಬಿಟ್ಟೆ.

ಆಗಷ್ಟೇ ಡಿಗ್ರಿ ಮುಗಿದಿತ್ತು. ಓರಗೆಯವರೆಲ್ಲ ಅಮೀರ್‌ಪೇಟೆಯ ಕಂಪ್ಯೂಟರ್ ಕೋರ್ಸುಗಳಿಗೆ ಸೇರಿದ್ದರು. ನನ್ನ ಹತ್ತಿರ ಇದ್ದದ್ದು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಡಬ್ಬಿಗಳು. ಅವುಗಳಲ್ಲಿ ಅವ್ವ ಬೇಳೆ ತುಂಬಿಟ್ಟಿದ್ದಳು. ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ ದಿನಾ ಊಟಕ್ಕೆ ಕುಳಿತಾಗ ಹೇಳುತ್ತಿದ್ದರು: "ಬಾಯಿಗೆ ಪಗಾರ ಕೊಡೋ ಕಂಪನಿ ಇದ್ರ ಹೇಳವ್ವ, ನಾಳೇನೇ ಹಚ್ಚತೀನಿ."

ನನ್ನ ತಲೆಯಲ್ಲಿದ್ದದ್ದು ಬೇರೆ. ವಾರಕ್ಕೊಂದು ಪುಟದಂತೆ ಇಂಟರ್ನೆಟ್‌ನಲ್ಲಿ ಒಂದು ಚಿತ್ರಕಥೆ. ಮಾತು ನನ್ನದು, ಚಿತ್ರ ಪೇಂಟರ್ ಕಾಕಾ ಅವರದು, ಬದುಕೂ ಅವರದೇ. ರಾಯಚೂರು ಕಡೆಯಿಂದ ಬಂದ ಕಾಕಾ ಸುಲ್ತಾನ್ ಬಜಾರಿನ ಎಷ್ಟೋ ಅಂಗಡಿಗಳ ಬೋರ್ಡು ಬರೆದಿದ್ದರು. ತೆಲುಗು, ಉರ್ದು ಎರಡೂ ಓದಲು ಬರುತ್ತಿರಲಿಲ್ಲ. "ಓದೋದು ಗಿರಾಕಿ ಕೆಲಸ ಅಕ್ಕಾರ. ನಂದು ಬರಿಯೋದಷ್ಟೇ" ಎನ್ನುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ನಾಲ್ಕು ದಿನದ ಬೋರ್ಡು ಅರ್ಧ ತಾಸಿನಲ್ಲಿ ಯಂತ್ರದಿಂದ ಹೊರಬೀಳತೊಡಗಿತು. ಶಂಶಾಬಾದಿನ ಹೊಸ ವಿಮಾನ ನಿಲ್ದಾಣದ ಹತ್ತಿರ ಗೋದಾಮೊಂದರ ಗೇಟು ಕಾಯಲು ಆಳು ಬೇಕೆಂದು ಏಜೆಂಟನೊಬ್ಬ ಕಾಕಾನಿಗೆ ಹೇಳಿದ್ದ. ಮುಂದಿನ ತಿಂಗಳ ಮೊದಲ ಸೋಮವಾರ ಹಾಜರಾಗಬೇಕು. ಅಷ್ಟರೊಳಗೆ ಮೂರು ತಿಂಗಳ ಖೋಲಿ ಬಾಡಿಗೆಗೆ, ಊಟಕ್ಕೆ ದಾರಿಯಾದರೆ ಕಾಕಾ ಬ್ರಷ್ ಬಿಡಬೇಕಾಗಿಲ್ಲ. ಆಗದಿದ್ದರೆ ಸೀಟಿ, ಟೊಪ್ಪಿಗೆ, ಗೇಟು.

ರೊಕ್ಕ ಇದ್ದದ್ದು ನಮ್ಮ ಕಾಲೊನಿಯ ಕನ್ನಡ ಸಂಘದಲ್ಲಿ. ಭಾನುವಾರದ ಸಭೆಗೆ ಹೋದೆ. ಖಜಾಂಚಿ ನಿಯಮಾವಳಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು:

"ವೆಬ್‌ಕಾಮಿಕ್ ಅಂದ್ರ ಎಲ್ಲಿ ಇರತೈತಿ ಅದು?"

"ಇಂಟರ್ನೆಟ್‌ನಾಗ ಇರತೈತ್ರಿ."

"ಹಂಗಾದ್ರ ರೊಕ್ಕಾನೂ ಅಲ್ಲೇ ಕೇಳು. ಇಲ್ಲಿ ನೋಡು, ಕಲಾನಿಧಿಯ ರೊಕ್ಕ ನಾಟಕಕ್ಕ ಮಾತ್ರ ಅಂತ ಬರದೈತಿ."

ಚರ್ಚಾಪಟುವಿಗೆ ಇಂಥ ಬಾಗಿಲು ತೆರೆದು ತೋರಿಸಬಾರದು. ನಾನು ಎದ್ದು ನಿಂತೆ. "ನಮ್ಮ ಕಥೀಯೊಳಗ ಪಾತ್ರ ಅದಾವ್ರಿ. ಮಾತು ಅದಾವು. ದೃಶ್ಯಾನೂ ಅದಾವು. ನಾಟಕಕ್ಕ ಇನ್ನೇನು ಬೇಕ್ರಿ?"

"ಮಂದಿ ಎದ್ದು ಅಡ್ಡಾಡಬೇಕವ್ವ."

"ಹೋದ ವರ್ಷದ ನಾಟಕದಾಗ ರಾಜ ಮೂರು ತಾಸು ಕುಂತೇ ಇದ್ರಲ್ರಿ. ಅದು ನಾಟಕ ಹೌದೋ ಅಲ್ಲೋ?"

ಪ್ರತಿ ವರ್ಷವೂ ರಾಜನ ಪಾತ್ರ ಮಾಡುವ ಅಧ್ಯಕ್ಷರು ಕೆಮ್ಮಿದರು. "ಮೊಣಕಾಲು ನೋವಿತ್ತು" ಎಂದರು. ಆದರೆ ತಾವು ಕುಳಿತದ್ದು ನಾಟಕವಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆ? ನನ್ನ ವಾದ ಸರ್ವಾನುಮತದಿಂದ ಅಂಗೀಕಾರವಾಯಿತು. ವೆಬ್‌ಕಾಮಿಕ್ ಎಂಬುದು ನಾಟಕ.

ನಾನು ಕೂರುವ ಮೊದಲೇ ಅಧ್ಯಕ್ಷರು ಕೇಳಿದರು: "ನಾಟಕ ಅಂದ ಮ್ಯಾಲ, ನನ್ನ ಪಾತ್ರ ಯಾವುದು?"

"ಇದು ಕೂಲಿಕಾರರ ಕಥೀರಿ. ರಾಜ ಬರಾಂಗಿಲ್ರಿ."

"ರಾಜ ಇಲ್ಲದ ನಾಟಕಕ್ಕ ಈ ಸಂಘ ಇಲ್ಲೀತನಕ ರೊಕ್ಕ ಕೊಟ್ಟಿಲ್ಲ."

ಖಜಾಂಚಿ ಹಾಳೆ ತಿರುವಿ ಮುಂದುವರಿದರು. ನಾಟಕದ ಖರ್ಚೆಂದರೆ ಹಾರ್ಮೋನಿಯಂ, ಬಣ್ಣ ಹಚ್ಚುವವನು, ಕಿರೀಟದ ಬಾಡಿಗೆ, ಊಟ, ಪರದೆ ಬರೆಯುವವನ ಕೂಲಿ. ಸ್ಕ್ಯಾನರ್ ಇಲ್ಲ. ಚಿತ್ರಗಾರ ಇಲ್ಲ. ಚಿತ್ರಗಾರನೇ ಇಲ್ಲದೆ ಚಿತ್ರಕಥೆ ಹೇಗೆ ಎಂದು ನಾನು ಕೇಳಿದೆ. "ನಾಟಕ ಅಂತ ಹೇಳಿದಾಕಿ ನೀನಽ" ಎಂದರು. ನಾನು ಎದುರಾಳಿಯಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಕಾಕಾನಿಗೆ ಸುದ್ದಿ ಮುಟ್ಟಿಸಿದಾಗ ಅವರು ಬೀಡಿ ಆರಿಸಿ ಕೇಳಿದರು: "ಪರದೆ ಬರಿಯಾಕ ಕೂಲಿ ಐತಲ್ರಿ? ಹಂಗಾದ್ರ ಪರದೆ ಮ್ಯಾಲೇ ಬರಿಯೂಣು. ಎಷ್ಟು ಪರದೆ?"

"ನಾಲ್ಕು. ಮೂರು ತಿಂಗಳ ಬಾಡಿಗಿಗೆ, ಊಟಕ್ಕ ಸಾಕಾಗತೈತ್ರಿ. ಆದ್ರ ನಾಟಕ ಆಯ್ತು ಅಂತ ಅಧ್ಯಕ್ಷರು ಸಹಿ ಮಾಡಿದ ಮ್ಯಾಲ ಕೂಲಿ."

"ಮತ್ತ ಆ ರಾಜಾ?"

"ಇರಬೇಕಂತ."

"ಇರಲಿ ಬಿಡ್ರಿ. ಊರಾಗ ಎಷ್ಟು ಮಂದಿ ಇಲ್ಲ, ಇನ್ನೊಬ್ಬ ಹೆಚ್ಚಾದ."

ಹೀಗೆ ಕಂಪ್ಯೂಟರಿನ ಪರದೆಯಲ್ಲಿ ಅಂಗೈಯಗಲ ಇರಬೇಕಾದ ಕಥೆ ಸಂಘದ ಮಾಳಿಗೆಯ ಮೇಲೆ ಇಪ್ಪತ್ತಡಿ ಬಟ್ಟೆಯಲ್ಲಿ ಹರಡಿಕೊಂಡಿತು. ಕಾಕಾ ಪರದೆಯ ಮೇಲೆಯೇ ಬರಿಗಾಲಲ್ಲಿ ನಡೆದಾಡುತ್ತ ಬಣ್ಣ ಬಳಿದರು. ಮೊದಲನೆಯದರಲ್ಲಿ ಬೇಗಂಪೇಟೆ ಸ್ಟೇಷನ್: ಟ್ರಂಕು ಹೊತ್ತು ಇಳಿದ ಕಾಕಾ, ಹಿಂದೆ ಅಧ್ಯಕ್ಷರ ಮುಖದ ಕಿರೀಟಧಾರಿ. ಎರಡನೆಯದರಲ್ಲಿ ಗಾಜಿನ ಸಾಫ್ಟ್‌ವೇರ್ ಕಟ್ಟಡದ ಮುಂದೆ ನೀರಿನ ಟ್ಯಾಂಕರಿಗೆ ಕೂಲಿಕಾರರ ಸಾಲು. ಸಾಲಿನ ಮುಂದೆ, ಕೈಯಲ್ಲಿ ಕೊಡವಿಲ್ಲದೆ, ರಾಜ. ಮೂರನೆಯದರಲ್ಲಿ ಫ್ಲೆಕ್ಸ್ ಯಂತ್ರ, ಅದರ ಬಾಯಿಂದ ಬರುತ್ತಿರುವ ಹಾಳೆಯ ಮೇಲೆ ರಾಜನದೇ ಮುಖ. ಅಧ್ಯಕ್ಷರು ವಾರಕ್ಕೊಮ್ಮೆ ಮಾಳಿಗೆ ಹತ್ತಿ, ಮೊಣಕಾಲು ನೀವಿಕೊಂಡು, ಮೀಸೆ ಸರಿಯಾಗಿದೆಯೇ ಎಂದು ಮಾತ್ರ ನೋಡಿ ಇಳಿಯುತ್ತಿದ್ದರು.

ನಾಲ್ಕನೆಯ ಪರದೆಯನ್ನು ಕಾಕಾ ನನಗೂ ತೋರಿಸಲಿಲ್ಲ. ಕೊನೆ ಏನೆಂದು ಕೇಳಿದರೆ "ಗೊತ್ತಿದ್ರ ಬರೀತಿದ್ದಿಲ್ಲೇನ್ರಿ?" ಎನ್ನುತ್ತಿದ್ದರು.

ನಾಟಕ, ಕಾಕಾ ಗೇಟಿಗೆ ಹಾಜರಾಗಬೇಕಾದ ಸೋಮವಾರದ ಹಿಂದಿನ ದಿನ. ಸಂಘದ ಸದಸ್ಯರು ಮುಂದಿನ ಕುರ್ಚಿಗಳಲ್ಲಿ ಕುಳಿತರು. ಕಾಕಾನ ಕಡೆಯ ಕೂಲಿಕಾರರು ಊಟವಿದೆಯೆಂದು ಕೇಳಿ ಹಿಂದೆ ಚಾಪೆಯ ಮೇಲೆ ತುಂಬಿದ್ದರು. ಸಿಂಹಾಸನದಲ್ಲಿ, ಬಾಡಿಗೆ ಕಿರೀಟ ತೊಟ್ಟು, ಅಧ್ಯಕ್ಷರು. ಒಂದೊಂದೇ ಪರದೆ ಬಿಚ್ಚಿಕೊಳ್ಳುತ್ತಿತ್ತು. ನಾನು ಮಾತುಗಳನ್ನು ಓದುತ್ತಿದ್ದೆ. ಹಾರ್ಮೋನಿಯಂನವನು ತನಗೆ ಕೊಟ್ಟ ಕೂಲಿಗೆ ಮೋಸವಾಗಬಾರದೆಂದು ಫ್ಲೆಕ್ಸ್ ಯಂತ್ರಕ್ಕೂ ಒಂದು ರಾಗ ನುಡಿಸಿದ. ಟ್ಯಾಂಕರಿನ ಸಾಲು ಕಂಡಾಗ ಚಾಪೆಯ ಕಡೆಯಿಂದ ಒಬ್ಬಾಕೆ ಕೂಗಿದಳು: "ಏ, ಕಿರೀಟದಾಂವ ನಮ್ಮ ಗುತ್ತೇದಾರ ನೋಡವಾ! ಅಂವನೂ ಹಿಂಗಽ, ಕೊಡ ಇಲ್ಲ, ಮುಂದ ನಿಂತಿರತಾನ!" ಅಧ್ಯಕ್ಷರು ಅದನ್ನು ಚಪ್ಪಾಳೆ ಎಂದುಕೊಂಡು ತಲೆಬಾಗಿದರು. ಕಿರೀಟ ಜಾರಿತು.

ನಾಲ್ಕನೆಯ ಪರದೆ ಇಳಿಯಿತು. ಶಂಶಾಬಾದಿನ ಗೇಟು, ಮೇಲೆ ಏರುತ್ತಿರುವ ವಿಮಾನ. ಗೇಟಿನ ಬಳಿ ಖಾಕಿ ಬಟ್ಟೆ ತೊಟ್ಟು, ಬಾಯಲ್ಲಿ ಸೀಟಿ ಕಚ್ಚಿ ನಿಂತವನು ರಾಜ. ಕಾಕಾ ಬಣ್ಣದ ಡಬ್ಬಿ ಹಿಡಿದು ಅವನನ್ನು ದಾಟಿ ಹೋಗುತ್ತಿದ್ದಾರೆ.

ಅಧ್ಯಕ್ಷರು ಸಿಂಹಾಸನದಿಂದ ಎದ್ದರು. ಅವರು ನಾಟಕದಲ್ಲಿ ಎದ್ದದ್ದನ್ನು ಕಾಲೊನಿ ಮೊದಲ ಸಲ ಕಂಡಿತು. "ಬಂದ್ ಮಾಡ್ರಿ! ರಾಜ ಗೇಟ್ ಕಾಯತಾನೇನು? ಇದು ನಾಟಕ ಅಲ್ಲ. ನಾ ಸಹಿ ಹಾಕಾಂಗಿಲ್ಲ!"

ನಾಳೆ ಸೋಮವಾರ. ನಾನು ಎದೆ ಸೆಟೆಸಿ ನಿಂತೆ. ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವವನೇ ಅರಸನೆಂದೂ, ಆ ಲೆಕ್ಕದಲ್ಲಿ ಈ ಊರಿನ ನಿಜವಾದ ಅರಸರು ಗೇಟಿನಲ್ಲೇ ಇದ್ದಾರೆಂದೂ, ಮೂರು ಅಂಶಗಳಲ್ಲಿ, ಉಸಿರು ಬಿಡದೆ ಮಂಡಿಸಿದೆ. ನನ್ನ ಜೀವನದ ಅತ್ಯುತ್ತಮ ವಾದ. ಹಿಂದೆ ಯಾರೋ ಸೀಟಿಯನ್ನೂ ಹೊಡೆದರು.

"ಕುಂದರು ತಂಗಿ" ಎಂದರು ಅಧ್ಯಕ್ಷರು.

ಆಗ ಪರದೆಯ ಬದಿಯಿಂದ ಕಾಕಾ ಬಂದರು. ಕೈಯಲ್ಲಿ ಇನ್ನೂ ಬಣ್ಣದ ಅರಿವೆ. "ಸಾಹೇಬ್ರ, ಒಂದು ಸಲ ಹತ್ರ ಬಂದು ನೋಡ್ರಿ. ಖಾಕಿ ಬರದೀನಿ ಖರೇ. ಟೊಪ್ಪಿಗಿ ಹಾಕಿಲ್ರಿ. ಕಿರೀಟ ಹಂಗಽ ಬಿಟ್ಟೀನಿ."

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಹೋದರು. ಹೌದು, ಕಿರೀಟವಿತ್ತು. ಹಿಂದಿನ ಮೂರಕ್ಕಿಂತ ದೊಡ್ಡದು, ಕೆಂಪು ಹರಳು ಬೇರೆ. ಬೆರಳಿನಿಂದ ಮುಟ್ಟಿ ನೋಡಿದರು. ಹಸಿ ಬಣ್ಣ ಬೆರಳಿಗಂಟಿತು.

"ಹರಳು ಮೊದಲಿನವಕ್ಕ ಯಾಕ ಹಾಕಿಲ್ಲ?"

"ಕೊನೀ ದೃಶ್ಯಕ್ಕಂತ ಇಟ್ಟಿದ್ನಿರಿ."

"ಹಾಂ. ಹಂಗಾದ್ರ ಸರಿ" ಎಂದು ವಾಪಸು ಹೋಗಿ ಕುಳಿತರು. ಹಾರ್ಮೋನಿಯಂ ಮತ್ತೆ ಶುರುವಾಯಿತು. ಊಟಕ್ಕೆ ಮೊದಲು ಸಹಿ ಬಿತ್ತು. ಅದರ ಪಕ್ಕದಲ್ಲಿ ಕೆಂಪು ಬೆರಳಿನ ಗುರುತೂ ಬಿತ್ತು.

ಸೋಮವಾರ ಬೆಳಿಗ್ಗೆ ನಾನು ಕಾಲೊನಿಯ ಗೆಳತಿಯ ಕ್ಯಾಮೆರಾ ತಂದೆ. ಕಾಕಾ ಮಾಳಿಗೆಯಿಂದ ಪರದೆಗಳನ್ನು ಇಳಿಬಿಟ್ಟರು, ನಾನು ಕೆಳಗೆ ನಿಂತು ತುಂಡು ತುಂಡಾಗಿ ಫೋಟೋ ತೆಗೆದೆ. ಸೈಬರ್ ಕೆಫೆಯಲ್ಲಿ ಇಬ್ಬರೂ ಕುಳಿತು ಅವನ್ನು ಜೋಡಿಸಿದಾಗ ಚಿತ್ರದ ಕಾಕಾನ ಒಂದು ಕಾಲು, ವಿಮಾನದ ರೆಕ್ಕೆ ಕತ್ತರಿಸಿಹೋಗಿದ್ದವು. ಕಿರೀಟ ಮಾತ್ರ ಪೂರ್ತಿ ಬಂದಿತ್ತು. ಅದೇ ಹೊತ್ತಿಗೆ ಕಾಕಾನಿಗೆ ಏಜೆಂಟನ ಫೋನು ಬಂತು. ಹಾಜರಾಗಬೇಕಾದ ಆಳು ಎಲ್ಲಿ?

ಕಾಕಾ ಕಂಪ್ಯೂಟರಿನ ಕಡೆ ನೋಡಿದರು. ಅಲ್ಲಿ ಶಂಶಾಬಾದಿನ ಗೇಟಿನ ಮುಂದೆ ನಮ್ಮ ಅಧ್ಯಕ್ಷರು ಸೀಟಿ ಕಚ್ಚಿಕೊಂಡು ನೆಟ್ಟಗೆ ನಿಂತಿದ್ದರು.

"ಬ್ಯಾರೆದವರನ್ನ ನಿಂದರಿಸೀನ್ರಿ" ಎಂದು ಹೇಳಿ ಕಾಕಾ ಫೋನಿಟ್ಟರು.