ತಗ್ಗಿಗಿಳಿದ ಕುರಿ

“ನಿಲ್ಲಸ್ರಿ ಸಾಹೇಬ್ರ! ಕೆಳಗ ನನ್ನ ಕುರಿ ಈಯ್ಲತ್ತದ!” ಎನ್ನುತ್ತ ಕುರಿ ಕಾಯುವ ಅಜ್ಜಿಯೊಬ್ಬಳು ಜೆಸಿಬಿಗೆ ಅಡ್ಡ ನಿಂತಳು. ಭಾತಂಬ್ರಾ ಬಳಿ ಕುಡಿಯುವ ನೀರಿನ ಯೋಜನೆಯ ಪೈಪ್ ಇಳಿಸುವ ಉಸ್ತುವಾರಿ ನನ್ನದು. ಸಂಜೆಯೊಳಗೆ ಹತ್ತು ಪೈಪ್ ಇಳಿಯದಿದ್ದರೆ ಬೀದರಿನ ಕಚೇರಿಗೆ ಏನು ಹೇಳುವುದೆಂದು ಬೆಳಗಿನಿಂದಲೇ ನೆಪಗಳನ್ನು ಲೆಕ್ಕ ಹಾಕುತ್ತಿದ್ದೆ.

ಇಣುಕಿದೆ. ಹೊಸದಾಗಿ ತೋಡಿದ ತಗ್ಗಿನ ತಂಪಿಗೆ ಇಳಿದ ಕುರಿ ಅಲ್ಲೇ ಮಲಗಿ ಹೆರಿಗೆ ನೋವಿನಲ್ಲಿ ನರಳುತ್ತಿತ್ತು. “ಎತ್ತಿ ಈಚೆ ಹಾಕಿದರಾಯಿತಲ್ಲ?” ಎಂದೆ.

“ನಿಮ್ಮನಿ ಹೆಣ್ಮಕ್ಕಳಿಗಿ ಇಂಥಾ ಹೊತ್ತಿನ್ಯಾಗ ಎತ್ತಿ ಒಗಿತೀರೇನ್ರಿ? ಪೈಪ್ ನಾಳಿಗೂ ಇರ್ತದ. ಇಕಿ ತಡಿಯಂಗಿಲ್ಲ.”

ಆಳುಗಳು ನಕ್ಕರು. ಜೆಸಿಬಿ, ಕ್ರೇನ್, ನಾನು, ಮೂವರೂ ಕಾಯುತ್ತ ನಿಂತೆವು. ಕಚೇರಿಯಿಂದ ಮೂರು ಸಲ ಫೋನ್ ಬಂತು. ಮೊದಲ ರಿಂಗಿಗೇ ಎದ್ದು ನಿಲ್ಲುವ ನಾನು ಎತ್ತಲೇ ಇಲ್ಲ. ಕೊನೆಗೆ ಅಜ್ಜಿ ತಗ್ಗಿನಿಂದ ಹತ್ತಿ ಬಂದು, ಒದ್ದೆ ಮರಿಯನ್ನು ನನ್ನ ಇಸ್ತ್ರಿ ಅಂಗಿಗೆ ಒತ್ತಿ, “ಹಿಡೀರಿ, ತಾಯಿನ್ನ ಮ್ಯಾಲ ತರ್ತೇನಿ” ಎಂದಳು.

ಅಂದು ಏಳೇ ಪೈಪ್ ಇಳಿದವು. ಈಗ ಯಂತ್ರ ಶುರು ಮಾಡುವ ಮೊದಲು ತಗ್ಗಿನ ಉದ್ದಕ್ಕೂ ನಾನೇ ನಡೆದು ಇಣುಕುತ್ತೇನೆ. ಜೀವನಪೂರ್ತಿ ಬೇಡದ್ದಕ್ಕೆಲ್ಲ ಚಿಂತಿಸಿದವನಿಗೆ ಆ ಅಜ್ಜಿ ಬೇಕಾದ ಚಿಂತೆಯೊಂದನ್ನು ಕೊಟ್ಟು ಹೋಗಿದ್ದಾಳೆ.