ಹೆಸರು ಹಿಡಿದು ಕರೆಯುವ ಹೊತ್ತು

ಸೇಡಂನ ಒಂದು ಶಾಲೆಯ ವಾರ್ಷಿಕೋತ್ಸವದ ವರದಿಗೆ ಹೋಗಿದ್ದೆ. ವೇದಿಕೆಯ ಹಿಂದಿನ ತರಗತಿಯಲ್ಲಿ ಒಬ್ಬ ಮಾಸ್ತರು ಸ್ಟೀಲ್ ತಟ್ಟೆಗೆ ಕೊಬ್ಬರಿ ಎಣ್ಣೆ ಸುರಿದು ಬಿಳಿ ಬಣ್ಣದ ಪುಡಿ ಕಲಸುತ್ತಿದ್ದರು. ಸಾಲಾಗಿ ನಿಂತ ಮಕ್ಕಳ ಗಲ್ಲಕ್ಕೆ ಅದನ್ನು ಬೆರಳಿನಿಂದ ಸವರುತ್ತಿದ್ದರು. ಎಣ್ಣೆ, ಪುಡಿ, ಬೆವರು ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದೆ, ಮತ್ತೆ ಒಳಗೆ ಹೋದೆ, ಮತ್ತೆ ಬಂದೆ. ಅತಿಥಿಗಳ ಭಾಷಣವನ್ನು ಬರೆದುಕೊಂಡೆನಾದರೂ ಕಚೇರಿಗೆ ಮರಳಿ ನೋಡಿದರೆ ಅದರಲ್ಲಿ ಒಂದು ವಾಕ್ಯವೂ ಪೂರ್ತಿಯಾಗಿರಲಿಲ್ಲ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಯಾರು, ಎಲ್ಲಿ, ಯಾವಾಗ, ಹೇಗೆ ಎಂದು ಮೊದಲು ಬರೆದು ಆಮೇಲೆ ಉಳಿದದ್ದನ್ನು ಬರೆಯುವುದು ನನ್ನ ಕೆಲಸದ ಅಭ್ಯಾಸ. ಈ ಒಂದು ಸಂಗತಿಯನ್ನು ಹಾಗೆ ಬರೆಯಲು ಹೊರಟಾಗಲೆಲ್ಲ ಮೊದಲ ಪ್ರಶ್ನೆಯಲ್ಲೇ ಪೆನ್ನು ನಿಲ್ಲುತ್ತದೆ. ಆದ್ದರಿಂದ ಮನೆಯಿಂದ ಶುರುಮಾಡುತ್ತೇನೆ.

ನಮ್ಮ ಮನೆ ಭಂಕೂರಿನಲ್ಲಿತ್ತು. ಶಹಾಬಾದಿಗೆ ಹತ್ತಿರದ ಊರು. ನೆಲಕ್ಕೆ ಫರಸಿ ಕಲ್ಲಿನ ಚಪ್ಪಡಿ, ಗೋಡೆಗೆ ಫರಸಿ, ದನ ಮೇವು ತಿನ್ನುವ ಗ್ವಾದಲಿಗೂ ಫರಸಿಯೇ. ಬೇಸಿಗೆಯ ಮಧ್ಯಾಹ್ನ ನಾವು ಮಕ್ಕಳು ಅಂಗಿ ಬಿಚ್ಚಿ ಆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುತ್ತಿದ್ದೆವು. ಸಂಜೆ ಆಯಿ, ಅಂದರೆ ನನ್ನ ಅಜ್ಜಿ, ಅಂಗಳಕ್ಕೆ ನೀರು ಹೊಡೆದಾಗ ಕಾದ ಕಲ್ಲಿನಿಂದ ಏಳುತ್ತಿದ್ದ ಹಬೆಯ ವಾಸನೆ ಒಳಗಿನ ಜೋಳದ ರೊಟ್ಟಿಯ ವಾಸನೆಯೊಂದಿಗೆ ಬೆರೆಯುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಹಳೆಯ ಕೌದಿ ಹೊದ್ದು ಕೂತಿರುತ್ತಿದ್ದುದು ಮುತ್ಯಾನ ಪೇಟಿ, ಅಂದರೆ ಹಾರ್ಮೋನಿಯಂ. ಮುತ್ಯಾ, ನನ್ನ ಅಜ್ಜ, ಊರಿನ ಪೇಟಿ ಮಾಸ್ತರ. ನಾಟಕ ಬರೆಯುತ್ತಿದ್ದವನೂ ಅವನೇ, ಪೇಟಿ ಬಾರಿಸಿ ಹಾಡು ಕಲಿಸುತ್ತಿದ್ದವನೂ ಅವನೇ, ಮಾತು ತಪ್ಪಿದವರಿಗೆ ಬೈಯುತ್ತಿದ್ದವನೂ ಅವನೇ. ಜೋಳದ ರಾಶಿ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ನಾಟಕದ ತಾಲೀಮು ಶುರುವಾಗುತ್ತಿತ್ತು. ಹಗಲು ಗಣಿಯಲ್ಲಿ ಕಲ್ಲು ಎಬ್ಬಿಸಿದವರು ಸಂಜೆ ರಾಜರೂ ಗೌಡರೂ ಆಗಿ ಬಂದು, ಆಯಿಯ ಚಹಾ ಕುಡಿದು, ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಸಾಯುತ್ತಿದ್ದವನು ನಮ್ಮ ಸಣ್ಣ ಕಾಕಾ, ಅಪ್ಪನ ಕಿರಿಯ ತಮ್ಮ.

ಪ್ರತಿ ವರ್ಷವೂ ಮುತ್ಯಾ ಬರೆದ ಅದೇ ನಾಟಕ. ಅಣ್ಣನ ಮಾತು ನಂಬಿ ಹೊಲದ ಬಾವಿಯನ್ನು ಬಿಟ್ಟುಕೊಟ್ಟು, ಕೊನೆಗೆ ಅದೇ ಬಾವಿಯ ಕಟ್ಟೆಯ ಮೇಲೆ ಪ್ರಾಣ ಬಿಡುವ ತಮ್ಮನ ಕಥೆ. ಕಥೆ ಊರಿಗೆಲ್ಲ ಬಾಯಿಪಾಠ, ಆದರೂ ಬೆಳಗಿನ ಜಾವ ಕಾಕಾ ಕಟ್ಟೆಗೆ ಒರಗಿದಾಗ ಹೆಂಗಸರ ಸಾಲಿನಲ್ಲಿ ಮೂಗು ಸೇದುವ ಸದ್ದು ಏಳುತ್ತಿತ್ತು. ಬೇರೆ ಊರುಗಳಲ್ಲಿ ನಾಯಕ ಸತ್ತರೆ ಪರದೆ ಬಿತ್ತು, ಮಂಗಳ ಹಾಡಿದರು, ಮುಗಿಯಿತು. ನಮ್ಮೂರಲ್ಲಿ ಮುತ್ಯಾ ಒಂದು ನೇಮ ಇಟ್ಟಿದ್ದ. ಸತ್ತ ಪಾತ್ರಧಾರಿ ತಾನಾಗಿ ಏಳುವಂತಿಲ್ಲ. ಅವನ ಮನೆಯವರೊಬ್ಬರು ವೇದಿಕೆ ಹತ್ತಿ, ಪಾತ್ರದ ಹೆಸರಿನಿಂದಲ್ಲ, ಅವನ ಸ್ವಂತ ಹೆಸರು ಹಿಡಿದು ಕರೆದು, ಬಾಯಿಗೆ ಬೆಲ್ಲದ ಚೂರು ಇಡಬೇಕು. ಆಗ ಅವನು ಏಳಬೇಕು. ಅಲ್ಲಿಯವರೆಗೆ ಮಂಗಳವಿಲ್ಲ, ಮಂದಿ ಏಳುವಂತಿಲ್ಲ, ಮಲಗಿದ ಕೂಸನ್ನು ಎತ್ತಿಕೊಳ್ಳುವಂತೆಯೂ ಇಲ್ಲ. ನಾನು ಒಮ್ಮೆ ಯಾಕೆಂದು ಕೇಳಿದ್ದೆ. "ಸಾಯೂದು ಆಟದಾಗ ಇರಬೇಕವ್ವಾ, ಇಲ್ಲಂದ್ರ ಆಟಕ್ಕ ರುಚಿ ಇಲ್ಲ. ಆದ್ರ ಸತ್ತಾಂವನ್ನ ಹಂಗೇ ಬಿಟ್ಟು ಎದ್ದು ಹೋದ್ರ, ಆ ಸಾವು ಮಂದಿ ಬೆನ್ನು ಹತ್ತಿ ಮನಿತನಕ ಬರ್ತದ," ಎಂದಿದ್ದ ಮುತ್ಯಾ.

ಮೊದಲೆಲ್ಲ ಕರೆಯುತ್ತಿದ್ದವಳು ಆಯಿ. ಅವಳಿಗೆ ಮೊಣಕಾಲು ನೋವು ಶುರುವಾಗಿ ವೇದಿಕೆ ಹತ್ತಲಾಗದ ವರ್ಷ ಆ ಪಾಳಿ ಕಾಕಾನ ಹೆಂಡತಿ ಕಾಕಿಗೆ ಬಂತು. ಕಾಕಿ ಚಿಂಚೋಳಿ ಕಡೆಯ ಹೆಣ್ಣು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಕಾಕಿಯಂತೂ ಅದೇ ಹೆಸರಿನ ಪಕ್ಕದ ಮನೆಯ ಹುಡುಗನನ್ನೂ "ಏ ತಮ್ಮಾ" ಎಂದೇ ಕರೆಯುತ್ತಿದ್ದಳು. ಅಂಥವಳು ಕೈಯಲ್ಲಿ ಬೆಲ್ಲ ಹಿಡಿದು, ಸೆರಗು ಹಲ್ಲಿನಲ್ಲಿ ಕಚ್ಚಿ, ಊರೆಲ್ಲ ನೋಡುತ್ತಿರುವಾಗ ಸತ್ತ ಗಂಡನ ಮುಂದೆ ಕೂತಳು. ಕೂತೇ ಇದ್ದಳು. ಬೆಳಕು ಹರಿಯತೊಡಗಿತ್ತು. ಹಿಂದಿನಿಂದ ಯಾರೋ ಕೂಗಿದರು: "ಜಲ್ದಿ ಹೆಸರು ತೊಗೊ ತಂಗೀ, ಎಮ್ಮಿ ಹಿಂಡೂ ಹೊತ್ತಾತು!" ಪಕ್ಕದ ಮನೆಯ ಗುರುಬಸವ್ವ ಬಿಡಲಿಲ್ಲ: "ಅಕಿ ಹೆಸರು ಹೇಳಂಗಿಲ್ಲ, ಇಂವ ಏಳಂಗಿಲ್ಲ. ಬುತ್ತಿ ತರಸ್ರಿ, ಇಲ್ಲೇ ಉಣ್ಣಾಮು!" ಸತ್ತ ಕಾಕಾ ಒಂದು ಕಣ್ಣು ಸ್ವಲ್ಪವೇ ತೆರೆದು, ತುಟಿ ಅಲುಗಿಸದೆ, "ಕರಿಯೇ, ಬೆನ್ನಾಗ ಮೊಳಿ ಚುಚ್ಚಲಿಕತ್ತದ," ಎಂದ. ಮುಂದಿನ ಸಾಲಿನಲ್ಲಿದ್ದ ನಮಗೆ ಕೇಳಿಸಿತು. ಕೊನೆಗೆ ಆಯಿಯೇ ಕೆಳಗಿನಿಂದ ದಾರಿ ತೋರಿಸಿದಳು: "ಒಡಪು ಹಾಕಿ ಹೇಳು." ಪ್ರಾಸದ ಸಾಲಿನ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳುವುದೇ ಒಡಪು. ಕಾಕಿ ತಲೆ ಎತ್ತದೆ ಒಂದೇ ಉಸಿರಿನಲ್ಲಿ ಹೇಳಿದಳು: "ಶಾಬಾದಿ ಫರಸಿ ಮ್ಯಾಲ ಶಾವಿಗಿ ಒಣಗ್ಯಾವ, ಬಣ್ಣ ಹಚ್ಚಿ ಮಲಗಿದವರ ಕಾಲು ಜೋಮು ಹಿಡದಾವ, ಏಳ್ರಿ..." ಕೊನೆಗೆ ಆ ಹೆಸರು. ಕಾಕಾ ಬೆಲ್ಲ ಬಾಯಿಗೆ ಬೀಳುವ ಮೊದಲೇ ಎದ್ದು ಕೂತ. ಊರು ನಕ್ಕ ನಗೆಗೆ ಮುತ್ಯಾನ ಮಂಗಳದ ಹಾಡು ಕೇಳಿಸಲೇ ಇಲ್ಲ.

ಆಮೇಲೆ ನಾಟಕಕ್ಕಿಂತ ಹೆಚ್ಚಾಗಿ ಆ ಒಡಪಿಗೇ ಮಂದಿ ಕಾಯತೊಡಗಿದರು. ಪ್ರತಿ ವರ್ಷ ಹೊಸ ಒಡಪು, ಕೊನೆಗೆ ಅದೇ ಹೆಸರು, ಅವನು ಏಳುವುದು. ವೇದಿಕೆ ಇಳಿದರೆ ಆ ಹೆಸರು ಮತ್ತೆ ಅವಳ ಬಾಯಿಗೆ ಬರುತ್ತಿರಲಿಲ್ಲ. ಚಿತ್ತಾಪುರದ ಕಚೇರಿಗೆ ಯಾವುದೋ ಕೆಲಸಕ್ಕೆ ಹೋದರೆ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದಳು. ಗುಮಾಸ್ತ "ಗಂಡನ ಹೆಸರೇನ್ರಿ?" ಎಂದ ಕೂಡಲೇ ನನ್ನ ಬೆನ್ನಿಗೆ ಮೆತ್ತಗೆ ತಿವಿಯುತ್ತಿದ್ದಳು. "ನೀ ಹೇಳು, ನನ್ನವ್ವಾ." ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಅವಳು ಕಿಟಕಿಯಾಚೆ ನೋಡುತ್ತಾ, ಮುಖ ಕೆಂಪಗೆ ಮಾಡಿಕೊಂಡು, ಕೇಳಿಸಿಕೊಳ್ಳುತ್ತಿದ್ದಳು.

ಮುಂದೆ ಕಾಲೇಜಿನಲ್ಲಿ ನನಗೆ ದುರಂತ ನಾಟಕದ ಪಾಠವಿತ್ತು. ದೊಡ್ಡ ಮನುಷ್ಯ, ಅವನದೊಂದು ತಪ್ಪು, ಆ ತಪ್ಪಿನಿಂದ ಪತನ, ನೋಡುವವರಲ್ಲಿ ಮರುಕ ಮತ್ತು ಭಯ, ಕೊನೆಗೆ ಮನಸ್ಸು ಹಗುರ. ಪರೀಕ್ಷೆಯಲ್ಲಿ ಅದನ್ನೇ ಬರೆದೆ, ಒಳ್ಳೆಯ ಅಂಕವೂ ಬಂತು. ಆಮೇಲೆ ಪತ್ರಿಕೆಗೆ ಸೇರಿದೆ. ವಾಡಿಯ ಹಳಿಗಳ ಬಳಿ, ಸೇಡಂ ರಸ್ತೆಯ ತಿರುವಿನಲ್ಲಿ, ನೀರು ತುಂಬಿದ ಹಳೆಯ ಗಣಿಗಳ ದಡದಲ್ಲಿ ನಿಂತು, ಎಷ್ಟೋ ಸಲ ದುರಂತ ಎಂಬ ಪದವನ್ನು ತಲೆಬರಹಕ್ಕೆ ಕಳಿಸಿದ್ದೇನೆ. ತಪ್ಪು ಎಲ್ಲಿತ್ತು ಎಂದು ಹುಡುಕುವುದು ಆ ಕೆಲಸದ ಭಾಗ. ಹಲವು ಸಲ ಸಿಗುತ್ತದೆ ಕೂಡ. ಆದರೆ ಸತ್ತವನ ಮನೆಯ ಅಂಗಳದಲ್ಲಿ ನಿಂತಾಗ ಮರುಕ ಭಯಗಳು ಕಂಡಿವೆ, ಯಾರ ಮನಸ್ಸೂ ಹಗುರಾದದ್ದನ್ನು ಕಂಡಿಲ್ಲ. ಮಂದಿ ಎದ್ದು ಹೋಗುತ್ತಾರೆ. ನಾನೂ ಬಸ್ಸು ತಪ್ಪೀತೆಂದು ಹೋಗುತ್ತೇನೆ. ಅದು ಬೆನ್ನು ಹತ್ತಿ ಬರುತ್ತದೆ.

ಸಣ್ಣ ಕಾಕಾ ದೊಡ್ಡ ಮನುಷ್ಯನಾಗಿರಲಿಲ್ಲ, ಅವನ ತಪ್ಪೂ ಇರಲಿಲ್ಲ. ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಗಣಿಯಲ್ಲಿ, ಲಾರಿಗೆ ಹೇರಲು ಒರಗಿಸಿಟ್ಟಿದ್ದ ಫರಸಿಯ ಸಾಲು ಜಾರಿ ಅವನ ಮೇಲೆ ಬಿತ್ತು. ಅಷ್ಟೇ. ಆಸ್ಪತ್ರೆಯವರು ಆಗಲೇ ಜೀವ ಹೋಗಿದೆ ಎಂದರು. ಸಂಜೆಯ ಹೊತ್ತಿಗೆ ಟ್ರ್ಯಾಕ್ಟರಿನಲ್ಲಿ ಮನೆಗೆ ತಂದು ಪಡಸಾಲೆಯಲ್ಲಿ, ತಾಲೀಮು ನಡೆಯುತ್ತಿದ್ದ ಅದೇ ಜಾಗದಲ್ಲಿ ಮಲಗಿಸಿದರು. ಮುಖದ ತುಂಬ ಕಲ್ಲಿನ ಬಿಳಿ ಪುಡಿ. ನಾಟಕಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಬಿಳಿ ಬಣ್ಣ ಕಲಸಿ ಹಚ್ಚಿಕೊಂಡಾಗ ಹೇಗಿರುತ್ತಿದ್ದನೋ ಹಾಗೇ ಇದ್ದ. ಊರಿನ ಮಂದಿ ಬಂದು ಅಂಗಳದಲ್ಲಿ ಕೂತರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಾಟಕಕ್ಕೆ ಕೂರುತ್ತಿದ್ದ ಹಾಗೆಯೇ. ಅಳುತ್ತಿದ್ದವರೂ ಒಂದು ಹೊತ್ತಿನಲ್ಲಿ ಸುಮ್ಮನಾದರು. ಯಾರೂ ಏಳಲಿಲ್ಲ. ನಾನು ಚಿಕ್ಕವಳಾದರೂ ಅವರು ಏನನ್ನು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು, ಯಾಕೆಂದರೆ ನಾನೂ ಅದನ್ನೇ ಕಾಯುತ್ತಿದ್ದೆ. ಎಲ್ಲರ ಕಣ್ಣು ಕಾಕಿಯ ಮೇಲಿತ್ತು. ಗುರುಬಸವ್ವ ಅವಳ ಹತ್ತಿರ ಸರಿದು, ತಮಾಷೆಯ ಸುಳಿವಿಲ್ಲದ ದನಿಯಲ್ಲಿ, "ಒಂದ್ಸಲ ಕರಿಯವ್ವಾ, ಒಂದೇ ಸಲ," ಎಂದಳು. ಒಳಗಿನಿಂದ ಯಾರೋ ಬೆಲ್ಲದ ಚೂರನ್ನೂ ತಂದರು. ಇದು ಆಟವಲ್ಲ ಎಂದು ಹೇಳಬೇಕಾಗಿದ್ದವನು ಮುತ್ಯಾ. ಆ ನೇಮ ಮಾಡಿದವನೇ ಅವನು. ಆದರೆ ಮುತ್ಯಾನೂ ಕಂಬಕ್ಕೆ ಒರಗಿ ಸೊಸೆಯ ಬಾಯನ್ನೇ ನೋಡುತ್ತಿದ್ದ. ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರಡೂ ಕೈಯಿಂದ ಒತ್ತಿ ಹಿಡಿದಳು. ಕರೆಯಲಿಲ್ಲ. ಕತ್ತಲಾಗುವ ಮೊದಲು ಮಣ್ಣಿಗೆ ಒಯ್ದರು.

ಪೇಟಿ ಮತ್ತೆ ಕೌದಿಯಿಂದ ಹೊರಬರಲಿಲ್ಲ. ನಾಟಕ ನಿಂತಿತು. ಮಂದಿಯ ಮಾತು ನಿಲ್ಲಲಿಲ್ಲ: "ಎಂಥ ಕಲ್ಲಿನ ಎದಿ ನೋಡು, ಕಡೀಕೊಮ್ಮೆ ಹೆಸರು ಹಿಡದು ಕರೀಲಿಲ್ಲ ಅಕಿ." ಬಾವಿಯ ಹತ್ತಿರ, ಬಸ್ಸಿನಲ್ಲಿ, ನಮ್ಮ ಅಡುಗೆಮನೆಯಲ್ಲೂ ಅದೇ. ಮಕ್ಕಳಿಲ್ಲದ ಕಾಕಿ ಕೆಲವು ತಿಂಗಳಲ್ಲಿ ತವರಿಗೆ ಹೋದಳು. ಮುತ್ಯಾ ಹೋದ, ಆಯಿ ಹೋದಳು. ಅಪ್ಪನ ಕೆಲಸಕ್ಕಾಗಿ ನಾವು ವಾಡಿಗೆ ಬಂದೆವು. ಗಣಿ ಮನೆಯ ಹಿತ್ತಲವರೆಗೂ ಬಂದ ಮೇಲೆ ಗೋಡೆ ಬಿಚ್ಚಿ ಫರಸಿಯನ್ನು ಯಾರು ಯಾರೋ ಒಯ್ದರು. ಈಗ ಅಲ್ಲಿ ಮನೆ ಇತ್ತೆಂಬುದಕ್ಕೆ ಗುರುತು ಹೊಸಿಲಿನ ಕಲ್ಲೊಂದೇ. ಅದರ ಮೇಲೆ ಆಡುಗಳು ನಿಂತಿರುತ್ತವೆ.

ಕಳೆದ ಬೇಸಿಗೆಯಲ್ಲಿ ಕಾಕಿ ಹಾಸಿಗೆ ಹಿಡಿದ ಸುದ್ದಿ ಬಂತು. ಚಿಂಚೋಳಿಗೆ ಹೋದೆ. ತನ್ನ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಕೈ ಹಿಡಿದು ನೋಡಿದರೆ ಹಕ್ಕಿಯ ಕಾಲಿನಷ್ಟು. "ಪೇಪರದಾಗ ಬರೇ ಸತ್ತವರ ಸುದ್ದೀನೇ ಬರೀತಿ ಏನು? ನಂದೂ ಬರ್ಕೊಂಡು ಹೋಗಲಿಕ್ಕ ಬಂದೀ?" ಎಂದು ನಕ್ಕಳು. ಎಷ್ಟೋ ವರ್ಷದಿಂದ ಬಾಯಲ್ಲಿದ್ದ ಮಾತನ್ನು ನಾನು ಅವತ್ತು ಆಡಿದೆ. ಊರಿನವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕಾಕಾ ಗಣಿಯಲ್ಲೇ ಹೋಗಿದ್ದ, ನೀನು ಕರೆದಿದ್ದರೂ ಏಳುತ್ತಿರಲಿಲ್ಲ ಎಂದೆ. ವರದಿ ಓದಿದ ಹಾಗೆ ಹೇಳಿದೆ.

"ನನಗ ಗೊತ್ತಿಲ್ಲೇನು?" ಎಂದಳು ಕಾಕಿ. ಉಸಿರು ತೆಗೆದುಕೊಂಡಳು. "ಮುಟ್ಟಿದ ಕೂಡ್ಲೇ ಗೊತ್ತಾತು. ಅದಕ್ಕೇ ಕರೀಲಿಲ್ಲ. ಅವರು ಒಂದು ವರ್ಷರೆ ಏಳದೇ ಉಳದಿದ್ರೇನು? ನಾ ಕರದಾಗೆಲ್ಲಾ ಎದ್ರು. ಅವತ್ತು ಕರದು ಏಳಲಿಲ್ಲಂದ್ರ ಅಷ್ಟು ಮಂದಿ ಮುಂದ ಅವರಿಗಿ ಎಷ್ಟು ಅವಮಾನ."

ಅವಳು ನನ್ನ ಕೈ ತಟ್ಟಿದಳು.

"ಮುತ್ಯಾನ ಆಟ ಇನ್ನಾ ಮುಗದಿಲ್ಲವ್ವಾ. ನಾ ಕರೀಲಾರದೇ ಹ್ಯಾಂಗ ಮುಗೀತದ? ಅಲ್ಲಿ ಹೋಗಿ ಕರೀತೀನಿ. ಒಡಪು ಗಿಡಪು ಏನಿಲ್ಲ, ಬರೇ ಹೆಸರು. ಅಲ್ಲಿ ಮಂದಿ ಇರಂಗಿಲ್ಲಲ್ಲ." ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಅಲ್ಲೀತನಕ ನೀನೂ ಎಲ್ಲೂ ಹೇಳಬ್ಯಾಡ. ಕಚೇರ್ಯಾಗೆಲ್ಲಾ ನೀನೇ ಹೇಳ್ದಿ, ಸಾಕು."

ಮಳೆಗಾಲ ಶುರುವಾಗುವ ಮೊದಲು ಕಾಕಿ ಹೋದಳು. ಅವಳ ನಿಧನ ವಾರ್ತೆಯನ್ನು ನಾನೇ ಬರೆದೆ. ಊರು, ತವರು, ಅಂತ್ಯಕ್ರಿಯೆ ನಡೆದ ಜಾಗ, ಎಲ್ಲ ಸರಿಯಾಗಿ. ಡೆಸ್ಕಿನಲ್ಲಿದ್ದ ಹಿರಿಯರು ಓದಿ ಕನ್ನಡಕದ ಮೇಲಿಂದ ನೋಡಿದರು. "ಗಂಡನ ಹೆಸರು ಬಿಟ್ಟೀರಲ್ರೀ ಮೇಡಂ, ನೀವು ಹಿಂಗ ಬಿಡಾವ್ರಲ್ಲ." ಮರೆತು ಬಿಟ್ಟಿದ್ದಲ್ಲ, ಹಾಗೇ ಇರಲಿ ಎಂದೆ.

ಸೇಡಂನ ಆ ಶಾಲೆಯ ಮಕ್ಕಳು ಬಣ್ಣ ತೊಳೆದುಕೊಂಡು ಮನೆಗೆ ಹೋಗಿ ಬಹಳ ದಿನವಾಯಿತು. ಆ ವಾಸನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಇಷ್ಟು ಉದ್ದ ಬರೆದು ಈಗ ಹಿಂದೆ ತಿರುಗಿ ನೋಡಿದರೆ ಇಲ್ಲಿಯೂ ಆ ಹೆಸರಿಲ್ಲ. ಅವಳು ಅಲ್ಲಿ ತಲುಪಿದ್ದಾಳೋ, ಕರೆದಿದ್ದಾಳೋ, ನನಗೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ನಾನು ಭಂಕೂರಿನ ಆ ಅಂಗಳದಿಂದ ಇನ್ನೂ ಎದ್ದಿಲ್ಲ.