ಪಡುವಣಕ್ಕೆ ಇಟ್ಟ ಬಾಗಿಲು

ನಾನು ಜೀವನದಲ್ಲಿ ಒಬ್ಬರ ಮೇಲೆ ಸೇಡು ತೀರಿಸಿಕೊಂಡಿದ್ದೇನೆ. ಬೈಯಲಿಲ್ಲ, ಜಗಳ ಆಡಲಿಲ್ಲ, ಯಾರ ಮುಂದೂ ಚಾಡಿ ಹೇಳಲಿಲ್ಲ. ಹೇಳಬೇಕಾಗಿದ್ದ ಒಂದು ಮಾತನ್ನು ಹೇಳದೆ ಇಟ್ಟುಕೊಂಡೆ, ಅಷ್ಟೆ. ಅದಕ್ಕಾಗಿ ನನಗೆ ಇವತ್ತಿಗೂ ಪೂರ್ತಿ ಪಶ್ಚಾತ್ತಾಪ ಬಂದಿಲ್ಲ.

ನಾನು ಆಳಂದದವಳು. ಡಿಪ್ಲೊಮಾ ಮುಗಿಸಿ ಕಲಬುರಗಿಯ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಮನೆಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ಎಂಟು ವರ್ಷ ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ನಾನು ಬರೆದ ಪ್ರತಿ ನಕ್ಷೆಯ ಕೆಳಗಿನ ಮೂಲೆಯಲ್ಲಿ ಅವರ ಹೆಸರೇ ಇರುತ್ತಿತ್ತು. ಕೆಲಸ ಅಂದರೆ ಹಾಗೇ ಅಂದುಕೊಂಡಿದ್ದೆ.

ಅಫಜಲಪುರದ ಡಾಕ್ಟರ್ ದಂಪತಿ ಮನೆ ಕಟ್ಟಿಸುವಾಗ ಡಾಕ್ಟರಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. "ನಮ್ಮ ಮನಿ ಬಾಗಲು ಹಿಂಗ ಬೇಕ್ರಿ." ಕಾಂಟ್ರಾಕ್ಟರ್ ಚಿತ್ರದ ಮೇಲೆ ಒಮ್ಮೆ ಕಣ್ಣಾಡಿಸಿ, "ಇದರಾಗ ಏನದ್ರಿ, ಖಾಲಿ ಖಾಲಿ ಕಾಣ್ತದ. ಎರಡು ಕಂಬ ನಿಲ್ಸಿ ಮ್ಯಾಲ ಒಂದು ಕಮಾನು ಕೊಡೋಣು" ಅಂದರು. ಡಾಕ್ಟರಮ್ಮ ಒಪ್ಪಲಿಲ್ಲ. ವಾಪಸು ಬರುವಾಗ ಚೌಡಾಪುರ ದಾಟಿದ ಮೇಲೆ ಕಾಂಟ್ರಾಕ್ಟರ್ ನನಗೆ ಹೇಳಿದರು, "ಅದೇನೋ ನೀನ ನೋಡ್ಕೋ. ನನಗ ಟೈಮಿಲ್ಲ."

ನಾನು ನೋಡಿಕೊಂಡೆ. ಆ ಶೈಲಿಗೆ ಮಿಡ್‌ಸೆಂಚುರಿ ಮಾಡರ್ನ್ ಅನ್ನುತ್ತಾರೆ, ಎಪ್ಪತ್ತು ವರ್ಷದ ಹಿಂದಿನದು ಎಂದು ಓದಿ ತಿಳಿದುಕೊಂಡೆ. ಕೆತ್ತನೆ ಇಲ್ಲ, ಬಳ್ಳಿ ಹೂವು ಇಲ್ಲ. ನೇರ ಗೆರೆ, ಮೇಜು ಕುರ್ಚಿಗೆ ಕೆಳಗೆ ಸಣ್ಣಗಾಗುತ್ತ ಹೊರಗೆ ಚಾಚಿದ ಕಾಲುಗಳು, ಒಂದೇ ಒಂದು ಗಾಢ ಬಣ್ಣ. ನೋಡುತ್ತ ಹೋದಂತೆ ಇದನ್ನು ನಾನು ಎಲ್ಲೋ ಕಂಡಿದ್ದೇನೆ ಅನಿಸಿತು. ನಮ್ಮ ಶಾಲೆಯ ಹೆಡ್‌ಮಾಸ್ತರ ಕೋಣೆಯಲ್ಲಿ ಅಂಥದೇ ಓರೆ ಕಾಲಿನ ಬೆತ್ತದ ಕುರ್ಚಿ ಇತ್ತು. ಹಳೆಯ ಪ್ರವಾಸಿ ಮಂದಿರದ ನೆಲದಲ್ಲೂ ಆ ಕಾಲದ್ದೇ ಚುಕ್ಕೆ ಚುಕ್ಕೆಯ ಮೊಸಾಯಿಕ್. ನಮ್ಮ ಮಂದಿ ಹಳೇ ಸಾಮಾನು ಅಂತ ಹೊರಗೆಸೆದದ್ದನ್ನೇ ಡಾಕ್ಟರಮ್ಮ ಹೊಸದೆಂದು ಕೇಳಿದ್ದರು.

ಬಾಗಿಲಿಗೆ ಸಾಸಿವೆ ಬಣ್ಣ ಕೊಟ್ಟೆ. ಅದರ ಎರಡೂ ಪಕ್ಕ ನೆಲದಿಂದ ಚಾವಣಿಯವರೆಗೆ ಮಸುಕು ಗಾಜು. ಒಳಗೆ ಕಾಲಿಟ್ಟ ಕೂಡಲೆ ಪಡಸಾಲೆ ಪೂರಾ ಕಾಣದಂತೆ ತೇಗದ ಸಪೂರ ಪಟ್ಟಿಗಳ ಒಂದು ತೆರೆ, ಅದರ ಮುಂದೆ ಚಪ್ಪಲಿ ಬಿಚ್ಚಲು ಕೂರುವ ತಗ್ಗು ಬೆಂಚು, ಗೋಡೆಗೆ ದುಂಡನೆಯ ಕನ್ನಡಿ. ಡಾಕ್ಟರಮ್ಮನ ಅತ್ತೆಗೆ ಮೊಣಕಾಲು ನೋವು. ಬೆಂಚಿನ ಎತ್ತರ ಪುಸ್ತಕ ನೋಡಿ ಇಡಲಿಲ್ಲ. ಕಟ್ಟುತ್ತಿದ್ದ ಮನೆಯಲ್ಲೇ ಆ ಮುದುಕಿಯನ್ನು ಇಟ್ಟಂಗಿಗಳ ಮೇಲೆ ಕೂರಿಸಿ, ಒಂದೊಂದೇ ಇಟ್ಟಂಗಿ ಏರಿಸುತ್ತ ಹೋದೆ. "ಈಗ ಏಳಾಕ ಬರಾಕತ್ತದ ನೋಡವ್ವ" ಎಂದು ಅವರು ಅಂದಾಗ ಟೇಪು ಹಿಡಿದು ಬರೆದುಕೊಂಡೆ.

ಗೃಹಪ್ರವೇಶದ ದಿನ ಬಂದವರೆಲ್ಲ ಆ ಬಾಗಿಲ ಮುಂದೆಯೇ ನಿಲ್ಲುತ್ತಿದ್ದರು. ಹತ್ತಿಯ ದೊಡ್ಡ ವ್ಯಾಪಾರಿಯೊಬ್ಬರು ಇದು ಯಾರ ಐಡಿಯಾ ಎಂದು ಕೇಳಿದರು. ಕಾಂಟ್ರಾಕ್ಟರ್ ಎದೆ ಮೇಲೆ ಕೈಯಿಟ್ಟು, "ನಂದೇ ರೀ. ಆರು ತಿಂಗಳು ತಲಿ ಕೆಡಿಸ್ಕೊಂಡೇನಿ" ಅಂದರು. ನಾನು ಎರಡು ಮಾರು ದೂರದಲ್ಲಿ, ಆ ಬೆಂಚಿನ ಪಕ್ಕದಲ್ಲೇ ನಿಂತಿದ್ದೆ. ವ್ಯಾಪಾರಿ ನನ್ನ ಕಡೆ ನೋಡಿ ಇವರ್ಯಾರು ಅಂದರು. "ನಮ್ಮ ಆಫೀಸಿನಾಕಿ. ಕಂಪ್ಯೂಟರಿನ್ಯಾಗ ಟೈಪ್ ಮಾಡ್ತಾಳ." ಆಮೇಲೆ ಫೋಟೊ ತೆಗೆಯುವವನು ಬಂದ. ಕಾಂಟ್ರಾಕ್ಟರ್ ಬಾಗಿಲಿಗೆ ಒರಗಿ ನಿಂತು ನನಗೆ ಹೇಳಿದರು, "ಬೇ, ಜರಾ ಬಾಜೂಕ ಸರಿ. ಫೋಟೊದಾಗ ಬರ್ತಿ."

ನಾನು ಸರಿದೆ. ಊಟಕ್ಕೆ ಕೂರದೆ ಬಸ್ ಹತ್ತಿದೆ. ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ.

ಆಳಂದದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಒಂದು ಮೇಜು ಹಾಕಿಕೊಂಡು ಕೂತೆ. ಕಪಾಟು, ಅಡುಗೆಕಟ್ಟೆ, ಬಾಗಿಲುಗಳ ನಕ್ಷೆ ಬರೆದು ಕೊಡುತ್ತಿದ್ದೆ. ಕೆಲಸ ಸಿಗುತ್ತಿತ್ತು. ಆದರೆ ಆ 'ಬಾಜೂಕ ಸರಿ' ಮಾತ್ರ ಕಿವಿಯಿಂದ ಹೋಗಲಿಲ್ಲ. ರೊಟ್ಟಿ ತಟ್ಟುವಾಗ, ಕೂದಲು ಬಾಚುವಾಗ ಅವರಿಗೆ ಏನೇನು ಉತ್ತರ ಕೊಡಬೇಕಿತ್ತು ಅಂತ ಬಾಯೊಳಗೇ ಮಾತು ಜೋಡಿಸುತ್ತಿದ್ದೆ.

ವರ್ಷದ ಮೇಲೆ ಒಂದು ದಿನ ಬಡಿಗ ಕಾಕಾ ಬಂದರು. ಜಿಡಗಾ ದಾರಿಯಲ್ಲಿ ಅವರ ಅಂಗಡಿ. ಅಫಜಲಪುರದ ಆ ತೇಗದ ತೆರೆ ಮಾಡಿದ ಕೈ ಅವರದೇ.

"ತಂಗಿ, ನಿಮ್ಮ ಕಾಂಟ್ರಾಕ್ಟರ್ ಸಾಹೇಬ್ರು ಜೇವರ್ಗಿಯೊಳಗ ಸ್ವಂತ ಮನಿ ಕಟ್ಟಾಕತ್ತಾರ. ಅಫಜಲಪುರದ ನಕ್ಷಾನ ಕೊಟ್ಟಾರ ನನಗ. ಥೇಟ್ ಅದನ್ನ ಮಾಡು ಅಂದಾರ."

"ಬಾಗಲು ಯಾವ ಕಡಿಗದ ಕಾಕಾ?"

"ಪಡುವಣಕ್ಕ. ಮುಂದ ಬಯಲು. ಒಂದು ಗಿಡ ಇಲ್ಲ."

ಅಫಜಲಪುರದ ಬಾಗಿಲು ಬಡಗಣಕ್ಕೆ, ಉತ್ತರದ ಕಡೆಗೆ ಇತ್ತು. ಆ ಗಾಜು, ಆ ಬೆಂಚು, ಎಲ್ಲ ಬಡಗಣದ ತಂಪು ಬೆಳಕಿಗೆಂದೇ ಬರೆದದ್ದು. ನಮ್ಮ ಕಡೆಯ ಬ್ಯಾಸಗಿಯಲ್ಲಿ ಅದನ್ನು ಪಡುವಣಕ್ಕೆ ತಿರುಗಿಸಿಟ್ಟರೆ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಬಿಸಿಲು ನೇರ ಒಳಗೆ ಬಂದು ಕೂರುತ್ತದೆ. ಕಾಕಾಗೂ ಅದು ಗೊತ್ತಿತ್ತು.

"ಅವರಿಗಿ ಒಂದು ಮಾತು ಹೇಳ್ಲೇನು?"

"ನಿಮ್ಮನ್ನ ಕೇಳ್ಯಾರೇನ್ರಿ ಅವರು?"

"ಇಲ್ಲ."

"ಹಂಗಾದ್ರ ಸುಮ್ಮನ ಮಾಡ್ರಿ. ನಕ್ಷಾದಾಗ ಇದ್ದಂಗ ಮಾಡ್ರಿ. ಒಂದು ಬೆರಳು ಹೆಚ್ಚು ಕಮ್ಮಿ ಬ್ಯಾಡ."

ಕಾಕಾ ಚಹಾ ಕುಡಿದು ಎದ್ದು ಹೋದರು. ಅವತ್ತು ನಾನು ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಮುಂದಿನ ವೈಶಾಖದಲ್ಲಿ ಜೇವರ್ಗಿ ಹತ್ತಿರದ ಅಂದೋಲಾ ಮಠಕ್ಕೆ ಹೋಗಿ ಬರುತ್ತೇನೆ ಎಂದು ಅವ್ವನಿಗೆ ಹೇಳಿ ಹೊರಟೆ. ಮಠಕ್ಕೂ ಹೋದೆ, ಸುಳ್ಳಲ್ಲ. ಆದರೆ ಹೊರಟದ್ದು ಆ ಬಾಗಿಲು ನೋಡಲು. ಬಿಸಿಲು ಇಳಿಯುವ ಮುಂಚೆ ಜೇವರ್ಗಿಯಲ್ಲಿರಬೇಕು ಎಂದು ಲೆಕ್ಕ ಹಾಕಿಯೇ ಬಂದಿದ್ದೆ.

ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಸಾಸಿವೆ ಬಣ್ಣ ಗುಳ್ಳೆ ಎದ್ದು ಹಪ್ಪಳದ ಹಾಗೆ ಸುಲಿದಿತ್ತು. ಗಾಜಿನ ಮೇಲೆ ಒದ್ದೆ ಗೋಣಿತಟ್ಟು ಇಳಿಬಿಟ್ಟಿದ್ದರು. ಬಾಗಿಲಿನ ಹಿತ್ತಾಳೆ ಹಿಡಿಕೆಗೆ ಹಳೆ ಸೀರೆಯ ಚಿಂದಿ ಸುತ್ತಿತ್ತು, ಮುಟ್ಟಿದರೆ ಕೈ ಸುಡುತ್ತದೆ ಅಂತ. ನಾನು ರಸ್ತೆಯಲ್ಲಿ ನಿಂತು, ಸೆರಗು ತಲೆ ಮೇಲೆ ಎಳೆದುಕೊಂಡು, ಮನಸಾರೆ ನೋಡಿದೆ.

ಪಕ್ಕದ ಓಣಿಯಿಂದ ಕಾಂಟ್ರಾಕ್ಟರ್ ಹೆಂಡತಿ ಬಂದರು. ಆಫೀಸಿನ ಪೂಜೆಗೆ ಬಂದಾಗ ನನ್ನನ್ನು ನೋಡಿದ್ದರು. "ಆ ಕಡಿ ಬ್ಯಾಡ್ರಿ, ಸುಡ್ತದ. ಹಿಂದಿನ ಬಾಗಲಿಂದ ಬರ್ರಿ" ಎಂದು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟರು.

"ಬಂದವರನ್ನ ಆ ಮುಂದಿನ ಬೆಂಚಿನ ಮ್ಯಾಲೇ ಕುಂದರಸ್ತಾರ್ರಿ ಇವರು. ಫಾರಿನ್ ಡಿಸೈನ್ ಅಂತ. ಪಾಪ, ಅವರು ಮರ್ಯಾದಿಗಿ ಕುಂತು, ಬೆವರು ಒರಸ್ಕೋತ ಚಹಾ ಕುಡಿದು ಹೋಗ್ತಾರ."

ನಗು ತಡೆಯಲು ಮಜ್ಜಿಗೆ ಲೋಟ ಬಾಯಿಗಿಟ್ಟುಕೊಂಡೆ. ಅವರು ಮಾತು ಮುಂದುವರಿಸಿದರು.

"ಇದು ನೀವು ಬರದದ್ದಂತ. ಬಡಿಗ ಕಾಕಾ ಹೇಳ್ಯಾರ. ಪಡುವಣಕ್ಕ ಇಟ್ರ ಹಿಂಗ ಆಗ್ತದಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ರಿ" ಅಂದೆ.

ಅವರು ಲೋಟ ತೊಳೆದು ಬೋರಲು ಹಾಕಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು, "ಅವರಿಗಿ ಹೇಳಲಿಲ್ಲ, ಬಿಡ್ರಿ. ನನಗರ ಹೇಳಬೇಕಿತ್ತು. ಇಡೀ ದಿನ ಈ ಮನ್ಯಾಗ ಇರಾಕಿ ನಾನು. ಅವರು ಎಸಿ ಕಾರಿನ್ಯಾಗ ಅಡ್ಡಾಡ್ತಾರ."

ವರ್ಷಗಟ್ಟಲೆ ಬಾಯೊಳಗೆ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಈ ಹೆಂಗಸಿಗೆ ಹೇಳಲು ಒಂದೂ ಇರಲಿಲ್ಲ.

ಅಷ್ಟರಲ್ಲಿ ಕಾಂಟ್ರಾಕ್ಟರ್ ಬಂದರು, ಅವರೂ ಹಿಂದಿನ ಬಾಗಿಲಿಂದಲೇ. ನನ್ನನ್ನು ನೋಡಿದ್ದೇ ಮುಖ ಗಂಟು ಹಾಕಿ, "ನಿನ್ನ ನಕ್ಷಾದಾಗ ದೋಷ ಅದ" ಅಂದರು. ಹೊಗಳಿಕೆ ಬರುತ್ತಿದ್ದ ತನಕ ಅವರದಾಗಿದ್ದ ನಕ್ಷೆ ಈಗ ನನ್ನದಾಗಿತ್ತು. ಹೆಂಡತಿಯ ಮಾತಿನಿಂದ ತಗ್ಗಿದ್ದ ನನ್ನ ಸಿಟ್ಟು ಮತ್ತೆ ಎದ್ದು ನಿಂತಿತು.

"ಅಫಜಲಪುರದಾಗ ದೋಷ ಇಲ್ರಿ. ಅಲ್ಲಿಂದ ಎತ್ಕೊಂಡು ಬರುವಾಗ ದಿಕ್ಕ ನೋಡಬೇಕಿತ್ತು."

"ಆತಲ್ಲ, ಸರಿ ಮಾಡಿ ಕೊಡು."

"ಕೊಡ್ತೇನಿ. ಅಫಜಲಪುರದ ಡಾಕ್ಟರಮ್ಮಗ ಫೋನ್ ಹಚ್ರಿ. ಆ ಬಾಗಲು ಯಾರು ಬರದದ್ದಂತ ನನ್ನ ಮುಂದ ಹೇಳ್ರಿ."

ಅವರು ನಕ್ಕುಬಿಟ್ಟರು. ನಾನು ಅವರ ಹೆಂಡತಿಗೆ ಬರ್ತೇನ್ರಿ ಎಂದು ಹೇಳಿ ಹೊರಬಿದ್ದೆ. ಆ ಬ್ಯಾಸಗಿ ಪೂರಾ ಗೋಣಿತಟ್ಟು ಹಾಗೇ ತೂಗಿತು.

ಶಿವರಾತ್ರಿ ಮುಗಿದು ಮತ್ತೆ ಬಿಸಿಲು ಏರುವ ಹೊತ್ತಿಗೆ ಅವರೇ ಆಳಂದಕ್ಕೆ ಬಂದರು. ಈ ಸಲ ಆ ಬಾಗಿಲಿಗೆ ಇಟ್ಟಂಗಿ ಕಟ್ಟಿಸಿ ಮುಚ್ಚಿಬಿಡುತ್ತೇನೆ ಎಂದು ಹೆಂಡತಿ ಹಟ ಹಿಡಿದಿದ್ದರಂತೆ. ಮನೆ ಕಟ್ಟುವವನೇ ತನ್ನ ಮುಂಬಾಗಿಲು ಮುಚ್ಚಿದರೆ ಜೇವರ್ಗಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ. ನನ್ನ ಮೇಜಿನ ಮುಂದೆ ಕೂತು, ನಾನು ಏನೂ ಕೇಳುವ ಮೊದಲೇ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಮೇಡಂ, ನಿಮ್ಮ ಮನಿ ಬಾಗಲು, ಅದು ನಮ್ಮ ಆಫೀಸಿನ ಹೆಣ್ಮಗಳು ಬರದದ್ರಿ. ನಾ ಅಲ್ಲ."

ಆ ಕಡೆಯಿಂದ ಡಾಕ್ಟರಮ್ಮ ಸಾವಕಾಶ ಅಂದರು, "ನಮಗ ಅವತ್ತ ಗೊತ್ತಿತ್ರಿ. ನಮ್ಮ ಅತ್ತಿಯವರನ್ನ ಇಟ್ಟಂಗಿ ಮ್ಯಾಲ ಕುಂದರಸಿ ನೋಡಿದಾಕಿ ಆಕಿ. ನೀವು ಯಾವಾಗ ಹೇಳ್ತೀರಿ ಅಂತ ನೋಡಾಕತ್ತಿದ್ವಿ."

ಕಾಂಟ್ರಾಕ್ಟರ್ ಮುಖ ಕಪ್ಪಿಟ್ಟಿತು. ಆ ಮುಖ ನೋಡಲು ನಾನು ಎರಡು ವರ್ಷಕ್ಕೂ ಹೆಚ್ಚು ಕಾದಿದ್ದೆ, ತೃಪ್ತಿಯಾಗುವಷ್ಟು ನೋಡಿದೆ. ಆದರೆ ಗೊತ್ತಿದ್ದರೂ ಅವತ್ತು ಡಾಕ್ಟರಮ್ಮ ಯಾಕೆ ತುಟಿ ಬಿಚ್ಚಲಿಲ್ಲ ಅನ್ನುವುದೂ ಒಳಗೆ ಚುಚ್ಚಿತು. ಅದನ್ನು ಕೇಳುವ ಮುಖ ನನಗಿರಲಿಲ್ಲ. ನಾನೂ ಜೇವರ್ಗಿಯ ಒಬ್ಬ ಹೆಂಗಸಿನ ವಿಷಯದಲ್ಲಿ ಹಾಗೇ ಮಾಡಿದ್ದೆ.

ಕೊಟ್ಟ ಮಾತಿನಂತೆ ನಕ್ಷೆ ಬರೆದೆ. ಬಾಗಿಲಿನಿಂದ ಐದಡಿ ಮುಂದೆ ತೂತು ತೂತಾಗಿ ಕಟ್ಟಿದ ಇಟ್ಟಂಗಿಯ ಜಾಲಿ ಗೋಡೆ, ಒಳಗೆ ಬರುವ ದಾರಿ ಬಡಗಣದ ಪಕ್ಕದಿಂದ, ಗಾಜು ತಲೆಯೆತ್ತರಕ್ಕಿಂತ ಮೇಲೆ ಮಾತ್ರ. ಕೆಳಗಿನ ಮೂಲೆಯಲ್ಲಿ ನನ್ನ ಹೆಸರು. ಮೂರು ಸಲ ಆ ಮನೆಗೆ ಹೋದೆ. ಬೆಂಚು ಎಲ್ಲಿ ಬೇಕು, ಬಣ್ಣ ಯಾವುದು, ಬೇವಿನ ಸಸಿ ಎಲ್ಲಿ ನೆಡಬೇಕು, ಎಲ್ಲವನ್ನೂ ಅವರ ಹೆಂಡತಿಯನ್ನೇ ಕೇಳಿದೆ. ಕಾಂಟ್ರಾಕ್ಟರ್ ಪಕ್ಕದಲ್ಲೇ ನಿಂತಿರುತ್ತಿದ್ದರು. ಒಂದು ಸಲವೂ ಅವರನ್ನು ಕೇಳಲಿಲ್ಲ.

ಈ ಬ್ಯಾಸಗಿಯಲ್ಲಿ ಆಕೆ ಫೋನ್ ಮಾಡಿದ್ದರು. "ತಂಪದ್ರಿ ಈಗ. ಸಂಜಿಮುಂದ ಇವರೂ ಅಲ್ಲೇ ಪೇಪರ್ ಹಿಡ್ಕೊಂಡು ಕುಂದರ್ತಾರ." ಆಕೆಗಾಗಿ ನನಗೆ ಖುಷಿಯಾಯಿತು. ಆದರೆ ಕಾಂಟ್ರಾಕ್ಟರ್ ಅಲ್ಲಿ ಕಾಲು ಚಾಚಿಕೊಂಡು ಆರಾಮಾಗಿ ಕೂತಿದ್ದಾರೆ ಅಂತ ನೆನೆಸಿಕೊಂಡರೆ, ಸಂಜೆ ಬಿಸಿಲು ಬೀಳುವಂತೆ ಆ ಜಾಲಿಯಲ್ಲಿ ಅವರ ಕಣ್ಣಿನ ನೇರಕ್ಕೆ ಒಂದು ತೂತು ದೊಡ್ಡದು ಬಿಡಬೇಕಿತ್ತು ಅನಿಸುತ್ತದೆ.